ಎರಡು ಲೀಗ್ ಒಂದಾದರೆ ಬ್ರಿಟಿಷ್ ಸ್ಪೀಡ್‌ವೇ ಉಳಿಯುತ್ತದೆಯೇ?

ಪ್ರಶ್ನೆ: ನಾನು ಹಾವೇರಿ ಕಡೆಯವನು. ಲೆಸ್ಟರ್‌ನಲ್ಲಿ ನೆಲೆಸಿ ಹಲವು ವರ್ಷಗಳಾದವು. ಮಗಳಿಗೆ ಸ್ಪೀಡ್‌ವೇ ಬೈಕ್ ಓಟದ ಹುಚ್ಚು ಹಿಡಿದಿದೆ, ಅವಳ ಜೊತೆ ನಾನೂ ಇಲ್ಲಿನ ಬೋಮಾಂಟ್ ಪಾರ್ಕ್ ಟ್ರ್ಯಾಕಿಗೆ ಹೋಗುತ್ತೇನೆ. ಆದರೆ ಚಳಿಗಾಲ ಬಂತೆಂದರೆ ಯಾವುದೋ ಊರಿನ ಕ್ಲಬ್ ಬಾಗಿಲು ಹಾಕಿತು ಎಂಬ ಸುದ್ದಿ. ಮೇಲಿನ ಲೀಗ್ ಪ್ರೀಮಿಯರ್‌ಶಿಪ್, ಕೆಳಗಿನ ಲೀಗ್ ಚಾಂಪಿಯನ್‌ಶಿಪ್ ಎರಡನ್ನೂ ಸೇರಿಸಿ ಒಂದೇ ಲೀಗ್ ಮಾಡಿದರೆ ಖರ್ಚು ಇಳಿಯುತ್ತದೆ ಎಂದು ಸ್ಟ್ಯಾಂಡಿನಲ್ಲಿ ಅಕ್ಕಪಕ್ಕದವರು ಹೇಳುತ್ತಾರೆ. ರೈಡರ್‌ಗಳ ದುರಾಸೆಯೇ ಎಲ್ಲಕ್ಕೂ ಕಾರಣ ಎನ್ನುವವರೂ ಇದ್ದಾರೆ. ಪೋಲೆಂಡಿನಲ್ಲಿ ನಡೆಯುವಂತೆ ಇಲ್ಲೇಕೆ ನಡೆಯುವುದಿಲ್ಲ? ಬೇರೆ ಊರಿನ ಕ್ಲಬ್ ಒಂದರ ಅಭಿಮಾನಿಗಳು ನಿಧಿ ಕಟ್ಟುತ್ತಿದ್ದಾರೆ, 500 ಪೌಂಡ್ ಹಾಕು ಎಂದು ಸ್ನೇಹಿತರು ಕೇಳುತ್ತಿದ್ದಾರೆ. ಅದರ ಮೇಲೆ ಮುಂದಿನ ವರ್ಷದ ಸೀಸನ್ ಟಿಕೆಟ್ಟಿನ ಯೋಚನೆಯೂ ಇದೆ. ಹಾಕಬಹುದೇ ಸರ್?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದರೂ ಆತಂಕ ಒಂದೇ. ಮಗಳು ಹಚ್ಚಿಕೊಂಡ ಆಟ ಇನ್ನೈದು ವರ್ಷಕ್ಕೆ ಇರುತ್ತದೋ ಇಲ್ಲವೋ, ಅದರ ಮೇಲೆ ಹಾಕಿದ ದುಡ್ಡು ಏನಾಗುತ್ತದೋ ಎಂಬುದು. ಮೊದಲೇ ಹೇಳಿಬಿಡುತ್ತೇನೆ: ಲೀಗ್‌ಗಳನ್ನು ಸೇರಿಸಿದ ಮಾತ್ರಕ್ಕೆ ಖರ್ಚು ಇಳಿಯುವುದಿಲ್ಲ. ಮೊದಲ ವರ್ಷ ಏರಲೂಬಹುದು. ತೊಂದರೆ ಇರುವುದು ಎರಡು ಕಡೆ. ತವರಿನ ಒಂದು ಸಂಜೆಯ ಗೇಟ್ ಹಣ, ಅಂದರೆ ಟಿಕೆಟ್ಟಿನಿಂದ ಬಂದದ್ದು, ಎರಡು ಪಂದ್ಯಗಳ ಸಂಬಳ ಹೊರಬೇಕು, ಇದು ಒಂದು. ಕಾಲ ಕೆಳಗಿನ ನೆಲ ಕ್ಲಬ್ಬಿನದಲ್ಲ, ಇದು ಇನ್ನೊಂದು. ಇವೆರಡನ್ನು ಮುಟ್ಟದ ಯಾವ ಪುನರ್‌ರಚನೆಯೂ ವೇಳಾಪಟ್ಟಿಯ ಬದಲಾವಣೆಯಷ್ಟೇ.

ಆಟ ಗೊತ್ತಿಲ್ಲದ ಓದುಗರಿಗಾಗಿ ನಾಲ್ಕು ಮಾತು. 500 ಸಿಸಿಯ ಒಂಟಿ ಸಿಲಿಂಡರ್ ಬೈಕು, ಮೆಥನಾಲ್ ಇಂಧನ, ಒಂದೇ ಗೇರ್, ಬ್ರೇಕ್ ಇಲ್ಲ. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು ನಾಲ್ಕು ಸುತ್ತು ಓಡಿಸುತ್ತಾರೆ. ಇದೊಂದು ಹೀಟ್, ಹೆಚ್ಚುಕಡಿಮೆ ಒಂದು ನಿಮಿಷದ ಆಟ. ಗೆದ್ದವನಿಗೆ 3 ಪಾಯಿಂಟ್, ಆಮೇಲೆ 2, 1, 0. ತಂಡದಲ್ಲಿ 7 ಮಂದಿ, ಲೀಗ್ ಪಂದ್ಯಕ್ಕೆ 15 ಹೀಟ್.

ಒಂದು ಗೇಟು, ಎರಡು ಸಂಬಳ

ಹೀಟಿಗೆ 6 ಪಾಯಿಂಟ್, 15 ಹೀಟಿಗೆ 90. ಸಮಬಲದ ಪಂದ್ಯವಾದರೆ ನಿಮ್ಮ ತಂಡಕ್ಕೆ ಸುಮಾರು 45. ಇದರ ಮೇಲೆ ಬೋನಸ್ ಪಾಯಿಂಟ್ ಇರುತ್ತದೆ: ಜೊತೆಗಾರನ ಬೆನ್ನಿಗೇ ಮುಗಿಸಿ ಎದುರಾಳಿಯೊಬ್ಬನನ್ನಾದರೂ ಹಿಂದಿಕ್ಕಿದವನಿಗೆ ಸಿಗುವಂಥದ್ದು. ಅದು ತಂಡದ ಸ್ಕೋರಿಗೆ ಸೇರುವುದಿಲ್ಲ, ರೈಡರ್‌ನ ಸರಾಸರಿಗೂ ಸಂಬಳಕ್ಕೂ ಸೇರುತ್ತದೆ. ರೈಡರ್‌ಗೆ ದುಡ್ಡು ಕೊಡುವುದು ಮುಖ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ.

ಸ್ಟ್ಯಾಂಡಿನಲ್ಲಿ ಕೂತವರಿಗೆ ಕಾಣದ ಸಂಗತಿ ಇಲ್ಲಿದೆ. ಲೀಗ್ ಪಂದ್ಯದ ಗೇಟ್ ಹಣ ತವರಿನ ಪ್ರೊಮೋಟರ್‌ಗೆ, ಅಂದರೆ ಕ್ಲಬ್ ನಡೆಸುವವನಿಗೆ, ಸೇರುತ್ತದೆ. ಆದರೆ ತನ್ನ ರೈಡರ್‌ಗಳಿಗೆ ಅವನು ತವರಿನ ಪಂದ್ಯಕ್ಕೂ ಕೊಡಬೇಕು, ಪರಊರಿನ ಪಂದ್ಯಕ್ಕೂ ಕೊಡಬೇಕು. ಪರಊರಿನಲ್ಲಿ ಅವನಿಗೆ ಆದಾಯವಿಲ್ಲ.

ಲೆಕ್ಕ ಹಾಕಿ ನೋಡೋಣ. ಇವು ಯಾವ ಕ್ಲಬ್ಬಿನ ಅಂಕಿಗಳೂ ಅಲ್ಲ, ಸಂಗತಿ ತಿಳಿಯಲೆಂದು ಇಟ್ಟುಕೊಂಡವು. ಪಾಯಿಂಟಿಗೆ ಸರಾಸರಿ 60 ಪೌಂಡ್ ಎನ್ನಿ. 45 ಪಾಯಿಂಟ್, 7 ಬೋನಸ್, ಒಟ್ಟು 52. ಅಂದರೆ 3,120 ಪೌಂಡ್. ತವರು, ಪರಊರು ಎರಡೂ ಸೇರಿ 6,240. ನೆಲಬಾಡಿಗೆ, ಆಂಬುಲೆನ್ಸ್, ವೈದ್ಯರು, ರೆಫರಿ, ಟ್ರ್ಯಾಕ್ ಸಿಬ್ಬಂದಿ, ಪ್ರಯಾಣಭತ್ಯೆ ಎಲ್ಲಕ್ಕೂ 6,000. ಒಟ್ಟು 12,240. ಈಗ ಆದಾಯದ ಕಡೆ. ಟಿಕೆಟ್ 22 ಪೌಂಡ್ ಇದ್ದರೆ ಅದರಲ್ಲಿ ಶೇ. 20 ವ್ಯಾಟ್ ಅಡಗಿದೆ. ಅದನ್ನು ಕಳೆದರೆ ಉಳಿಯುವುದು 18.33. ಮಕ್ಕಳು, ಹಿರಿಯರು, ಪಾಸ್‌ನವರೆಲ್ಲ ಸೇರಿ ತಲೆಗೆ 15 ಪೌಂಡ್ ದಕ್ಕಿದರೆ ಒಳ್ಳೆಯದು. ಖರ್ಚು ಸರಿಹೋಗಲು 816 ಜನ ಬೇಕು. ಪಾಯಿಂಟಿನ ದರ 100ಕ್ಕೆ ಏರಿತೋ, ಖರ್ಚು 16,400. ಬೇಕಾದವರು 1,094 ಜನ. ಪಾಯಿಂಟಿಗೆ 40 ಪೌಂಡ್ ಹೆಚ್ಚಾದದ್ದಕ್ಕೆ ಪ್ರತಿ ತವರು ಪಂದ್ಯಕ್ಕೂ 278 ಜನ ಹೆಚ್ಚು ಬರಬೇಕು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಪಂದ್ಯ ಹೆಚ್ಚಿಸಿದರೆ ಖರ್ಚು ಹಂಚಿಹೋಗುತ್ತದೆ ಎಂಬ ಮಾತು ಅರ್ಧ ಮಾತ್ರ ಸರಿ. ವಾರ್ಷಿಕ ಬಾಡಿಗೆ, ಪರವಾನಗಿ, ಟ್ರ್ಯಾಕ್ಟರು, ಗಾಳಿ ತುಂಬಿದ ರಕ್ಷಣಾ ಬೇಲಿ, ಇವುಗಳ ಖರ್ಚು ಹಂಚಿಹೋಗುತ್ತದೆ. ಸಂಬಳ ಹಂಚಿಹೋಗುವುದಿಲ್ಲ, ಪಂದ್ಯದ ಜೊತೆಗೇ ಬೆಳೆಯುತ್ತದೆ. ಲೀಗಿಗೆ ಒಂದು ತವರು ಪಂದ್ಯ ಸೇರಿಸಿದರೆ ಬೆನ್ನಿಗೇ ಒಂದು ಪರಊರಿನ ಪಂದ್ಯವೂ ಬರುತ್ತದೆ. ಮಳೆ ಬಂದರಂತೂ ಪೂರ್ತಿ ನಷ್ಟ. ರೈಡರ್‌ಗಳು ಬಂದಾಗಿದೆ, ಆಂಬುಲೆನ್ಸ್ ನಿಂತಾಗಿದೆ, ಪಂದ್ಯ ಶುರುವಿನಲ್ಲೇ ನಿಂತರೆ ಜನರಿಗೆ ಮರುಪ್ರವೇಶವನ್ನೂ ಕೊಡಬೇಕು. ಇಡೀ ವರ್ಷದ ಲಾಭ ಎರಡು ಮಳೆಯಲ್ಲಿ ಕೊಚ್ಚಿಹೋಗಬಹುದು. ಅದಕ್ಕೇ ಟ್ರ್ಯಾಕ್ ಮುಚ್ಚುವ ಹೊದಿಕೆಗೆ ಹಾಕುವ ದುಡ್ಡು ಹೆಸರಾಂತ ರೈಡರ್‌ಗೆ ಹಾಕುವ ದುಡ್ಡಿಗಿಂತ ಬೇಗ ವಾಪಸಾಗುತ್ತದೆ ಎನ್ನುವುದು.

ಸೇರಿಸಿ, ಒಡೆದು, ಮತ್ತೆ ಸೇರಿಸಿ

ಲೀಗ್ ವಿಲೀನ ಹೊಸ ಯೋಚನೆಯಲ್ಲ. 1964ರಲ್ಲಿ ಮೇಲ್ದರ್ಜೆಯ ನ್ಯಾಷನಲ್ ಲೀಗ್ 7 ತಂಡಗಳಿಗೆ ಇಳಿದಿತ್ತು. ಪ್ರಾವಿನ್ಶಿಯಲ್ ಲೀಗಿನವರು ನಿಯಂತ್ರಣ ಸಂಸ್ಥೆಯ ಜೊತೆ ಜಗಳವಾಡಿ ಆ ವರ್ಷ ಪರವಾನಗಿ ಇಲ್ಲದೆಯೇ ಓಡಿದರು. ಶಾಕ್ರಾಸ್ ಸಮಿತಿಯ ವಿಚಾರಣೆಯ ನಂತರ ಎರಡೂ ಸೇರಿ 1965ರಲ್ಲಿ 18 ತಂಡಗಳ ಬ್ರಿಟಿಷ್ ಲೀಗ್ ಹುಟ್ಟಿತು. ಅದು ಗೆದ್ದ ವಿಲೀನ. ಮೂರೇ ವರ್ಷಕ್ಕೆ, 1968ರಲ್ಲಿ, ಎರಡನೇ ಡಿವಿಷನ್ ಕಟ್ಟುವಷ್ಟು ಹೊಸ ಊರುಗಳು ಬಂದವು. ಬರಲು ಕಾರಣ ಲೀಗಿನ ಹೆಸರಲ್ಲ. ಆ ಕಾಲದಲ್ಲಿ ಟ್ರ್ಯಾಕ್ ಹಾಕಲು ಒಪ್ಪುವ ಗ್ರೇಹೌಂಡ್ ನಾಯಿ ಓಟದ ಕ್ರೀಡಾಂಗಣಗಳು, ಫುಟ್‌ಬಾಲ್ ಮೈದಾನಗಳು ಊರೂರಿನಲ್ಲಿ ಇದ್ದವು.

1995ರಲ್ಲಿ ಮತ್ತೆ ಎಲ್ಲರನ್ನೂ ಒಂದೇ ಪ್ರೀಮಿಯರ್ ಲೀಗಿಗೆ ತಂದರು. ಎರಡು ಸೀಸನ್ ಮುಗಿಯುವಷ್ಟರಲ್ಲಿ ಅದು ಸಾಕಾಯಿತು. 1997ರಲ್ಲಿ ಎಲೀಟ್ ಲೀಗ್, ಪ್ರೀಮಿಯರ್ ಲೀಗ್ ಎಂದು ಒಡೆಯಿತು. 2017ರಲ್ಲಿ ಹೆಸರು ಬದಲಾಗಿ ಪ್ರೀಮಿಯರ್‌ಶಿಪ್, ಚಾಂಪಿಯನ್‌ಶಿಪ್ ಆದವು. ಆ ವರ್ಷ ಪ್ರೀಮಿಯರ್‌ಶಿಪ್‌ನಲ್ಲಿದ್ದ 8 ತಂಡಗಳ ಪಟ್ಟಿ ನೋಡಿ: ಬೆಲ್ ವ್ಯೂ, ಕಿಂಗ್ಸ್ ಲಿನ್, ಲೆಸ್ಟರ್, ಪೂಲ್, ರೈ ಹೌಸ್, ಸೊಮರ್ಸೆಟ್, ಸ್ವಿಂಡನ್, ವುಲ್ವರ್‌ಹ್ಯಾಂಪ್ಟನ್. 2024ರಲ್ಲಿ ಇವುಗಳ ಪೈಕಿ ಮೇಲಿನ ಲೀಗಿನಲ್ಲಿ ಇದ್ದವು ಮೂರು. ನಿಮ್ಮ ಲೆಸ್ಟರ್ ಕೂಡ ನಡುವೆ ಕೆಳಗಿಳಿದು 2023ರಲ್ಲಿ ಮತ್ತೆ ಹತ್ತಿದ್ದು. ಪೂಲ್ ತಾನಾಗಿಯೇ ಚಾಂಪಿಯನ್‌ಶಿಪ್‌ಗೆ ಇಳಿಯಿತು, ಅಲ್ಲಿ ಪ್ರಶಸ್ತಿಗಳನ್ನೂ ಗೆದ್ದಿತು. ಉಳಿದ ನಾಲ್ಕು ಎರಡೂ ಲೀಗಿನಲ್ಲಿ ಇಲ್ಲ. ಮೇಲೆ ಹತ್ತಿದ ಮರುವರ್ಷವೇ, 2018ರ ಸಾಲಿನ ನಡುವೆ, ರೈ ಹೌಸ್ ಕೈಚೆಲ್ಲಿತು. ಮೇಲಿನ ದರ್ಜೆಯ ಸಂಬಳವನ್ನು ಕೆಳಗಿನ ದರ್ಜೆಯ ಗೇಟ್ ಹೊರಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಈಗ ಸೇರಿಸಿದರೆ ಏನಾಗುತ್ತದೆ? 2024ರ ಪಟ್ಟಿಯನ್ನೇ ಹಿಡಿಯೋಣ. ಪ್ರೀಮಿಯರ್‌ಶಿಪ್‌ನಲ್ಲಿ 7, ಚಾಂಪಿಯನ್‌ಶಿಪ್‌ನಲ್ಲಿ 9 ತಂಡ. ಆಕ್ಸ್‌ಫರ್ಡ್ ಎರಡರಲ್ಲೂ ತಂಡ ಇಳಿಸಿದ್ದರಿಂದ ಟ್ರ್ಯಾಕುಗಳು 15. ತಂಡಕ್ಕೆ ಏಳರಂತೆ 105 ರೈಡರ್‌ಗಳು ಬೇಕು. ಇಂದು ಅಷ್ಟು ಮಂದಿ ಎಲ್ಲಿದ್ದಾರೆ? ಈಗಿನ ಪದ್ಧತಿಯಲ್ಲಿ ಒಬ್ಬನೇ ರೈಡರ್ ಪ್ರೀಮಿಯರ್‌ಶಿಪ್‌ನಲ್ಲಿ ಒಂದು ತಂಡಕ್ಕೆ, ಚಾಂಪಿಯನ್‌ಶಿಪ್‌ನಲ್ಲಿ ಇನ್ನೊಂದಕ್ಕೆ ಓಡಬಹುದು. ಡಬ್ಲಿಂಗ್ ಅಪ್ ಎನ್ನುತ್ತಾರೆ. ಎರಡೂ ಲೀಗ್ ನಡೆಯುತ್ತಿರುವುದೇ ಈ ಹಂಚಿಕೆಯಿಂದ. ಒಂದೇ ಲೀಗಿನಲ್ಲಿ ಒಬ್ಬ ಎರಡು ತಂಡಕ್ಕೆ ಓಡಲಾಗದು. ವಿಲೀನವಾದ ದಿನವೇ ಹತ್ತಾರು ಜಾಗ ಖಾಲಿ ಬೀಳುತ್ತವೆ. ಅಲ್ಲಿಗೆ ಅನುಭವ ಸಾಲದ ಹುಡುಗರನ್ನು ಹಾಕಿದರೆ ಮೊದಲ ರೈಡರ್‌ಗೂ ಕೊನೆಯವನಿಗೂ ಅಂತರ ಹಿಗ್ಗುತ್ತದೆ, ಹೀಟುಗಳು ಮೊದಲ ತಿರುವಿನಲ್ಲೇ ತೀರ್ಮಾನವಾಗುತ್ತವೆ. ಒಳ್ಳೆಯ ರೈಡರ್‌ಗೆ ಪೈಪೋಟಿ ಹೆಚ್ಚಿ ದರವೂ ಏರುತ್ತದೆ. ಎರಡು ಸಂಬಳದಿಂದ ಬದುಕುತ್ತಿದ್ದ ರೈಡರ್ ಒಂದನ್ನು ಕಳೆದುಕೊಂಡಾಗ, ಆ ನಷ್ಟವನ್ನು ಉಳಿದ ಕ್ಲಬ್ಬಿನಿಂದಲೇ ಕೇಳುತ್ತಾನೆ.

ಹಾಗೆಂದು ವಿಲೀನದಲ್ಲಿ ಲಾಭವೇ ಇಲ್ಲವೆಂದಲ್ಲ. 7 ತಂಡಗಳ ಲೀಗಿನಲ್ಲಿ ಪ್ರತಿ ಎದುರಾಳಿ ಒಮ್ಮೆ ಬಂದರೆ ತವರಿನಲ್ಲಿ 6 ಪಂದ್ಯ ಮಾತ್ರ, ಎರಡು ಸಲ ಬಂದರೆ 12. ಅದೇ ಆರು ತಂಡಗಳನ್ನು ಮತ್ತೆ ಮತ್ತೆ ನೋಡಿ ಜನಕ್ಕೆ ಬೇಸರ. 15 ತಂಡಗಳಿದ್ದರೆ 14 ಬೇರೆ ಬೇರೆ ಎದುರಾಳಿಗಳು. ಗೇಟಿಗೆ ಇದು ನಿಜವಾದ ಬಲ. ಬೆಲೆ ತೆರಬೇಕಾದದ್ದು ರೈಡರ್ ಕೊರತೆಯಲ್ಲಿ.

ತಂಡವನ್ನು 7ರಿಂದ 6ಕ್ಕೆ ಇಳಿಸಿದರೆ? 15 ಟ್ರ್ಯಾಕಿಗೆ 90 ರೈಡರ್ ಸಾಕು, ಕೊರತೆ ಸಡಿಲವಾಗುತ್ತದೆ. ಇಲ್ಲಿ ಅನೇಕರು ಎಡವುವ ಜಾಗ ಒಂದಿದೆ: ಪಾಯಿಂಟ್ ಬಿಲ್ ಇಳಿಯುವುದಿಲ್ಲ. ಆರು ಮಂದಿ ಓಡಿದರೂ ಏಳು ಮಂದಿ ಓಡಿದರೂ 15 ಹೀಟಿಗೆ 90 ಪಾಯಿಂಟೇ. ಉಳಿಯುವುದು ಒಬ್ಬನ ಪ್ರಯಾಣಭತ್ಯೆ, ಅಷ್ಟೇ.

ಪಾಯಿಂಟ್ಸ್ ಲಿಮಿಟ್ ಸಂಬಳದ ಮಿತಿಯಲ್ಲ

ಬಹಳ ಜನ ಇವೆರಡನ್ನೂ ಒಂದೇ ಎಂದುಕೊಂಡಿದ್ದಾರೆ. ರೈಡರ್‌ನ ಸರಾಸರಿ ಲೆಕ್ಕ ಹೀಗೆ: ಬೋನಸ್ ಸೇರಿ ಗಳಿಸಿದ ಪಾಯಿಂಟನ್ನು 4ರಿಂದ ಗುಣಿಸಿ, ಓಡಿದ ಹೀಟುಗಳಿಂದ ಭಾಗಿಸಿ. 12 ಹೀಟಿನಲ್ಲಿ 24 ಪಾಯಿಂಟ್ ಬಂದರೆ ಸರಾಸರಿ 8.00. ಏಳು ಜನರ ಸರಾಸರಿಗಳ ಮೊತ್ತ ಲೀಗ್ ನಿಗದಿ ಮಾಡಿದ ಮಿತಿ ದಾಟಬಾರದು. ಮಿತಿ 40 ಎಂದಿದ್ದರೆ ತಲೆಗೆ ಸುಮಾರು 5.7.

ಇದು ಬಲ ಸಮನಾಗಿಸುವ ಸಾಧನ, ಖರ್ಚು ಕಡಿತದ್ದಲ್ಲ. ಸರಾಸರಿ ಒಂದೇ ಇರುವ ಇಬ್ಬರು ರೈಡರ್‌ಗಳ ದರ ಒಂದೇ ಇರಬೇಕಿಲ್ಲ. ಗಾಯದಿಂದಲೋ ಎಂಜಿನ್ ತೊಂದರೆಯಿಂದಲೋ ಕಳೆದ ಸಾಲಿನಲ್ಲಿ ಸರಾಸರಿ ಬಿದ್ದ ಒಳ್ಳೆಯ ರೈಡರ್‌ನ ಹಿಂದೆ ಎಲ್ಲ ಪ್ರೊಮೋಟರ್‌ಗಳೂ ಬೀಳುತ್ತಾರೆ, ಲಿಮಿಟ್‌ನೊಳಗೆ ಆತ ಅಗ್ಗವಾಗಿ ಕೂರುತ್ತಾನೆಂಬ ಕಾರಣಕ್ಕೆ. ಆಗ ಅವನ ದರ ಏರುತ್ತದೆ. ಮಿತಿಯೇ ದರ ಏರಿಸಿದ ಹಾಗಾಯಿತು. ಇನ್ನೊಂದು ನೋವು ಅಭಿಮಾನಿಗಳದು. ಗೆದ್ದ ತಂಡದ ಸರಾಸರಿಗಳು ಏರಿರುತ್ತವೆ, ಮರುವರ್ಷ ಅದು ಮಿತಿಯೊಳಗೆ ಹಿಡಿಸದು, ಒಡೆಯಲೇಬೇಕು. ಮಗಳು ಯಾರ ಹೆಸರಿನ ಟೋಪಿ ಹಾಕಿಕೊಂಡಿದ್ದಳೋ ಅವನೇ ಎದುರಾಳಿ ತಂಡದಲ್ಲಿ ಬರುತ್ತಾನೆ. ಪ್ರತಿ ವರ್ಷ ಹೀಗಾದರೆ ಜನ ಉಳಿಯುವುದು ಕಷ್ಟ, ಮತ್ತು ಇದನ್ನು ಸರಿಪಡಿಸಲು ದುಡ್ಡೇ ಬೇಕಿಲ್ಲ. ಒಂದೇ ಕ್ಲಬ್ಬಿನಲ್ಲಿ ಮುಂದುವರಿಯುವ ರೈಡರ್‌ನ ಸರಾಸರಿಯಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟರೆ ಸಾಕು. ಅಗ್ಗದ, ಕೂಡಲೇ ಜಾರಿಗೆ ತರಬಹುದಾದ ಸುಧಾರಣೆ ಇದು.

ರೈಡರ್‌ಗಳ ದುರಾಸೆ?

ಇಲ್ಲ. ರೈಡರ್ ನೌಕರನಲ್ಲ, ಸ್ವಯಂ ಉದ್ಯೋಗಿ. ಬೈಕು ಅವನದು, ಎಂಜಿನ್ ಅವನದು, ವ್ಯಾನು, ಮೆಕ್ಯಾನಿಕ್, ಟೈರು, ಮೆಥನಾಲ್ ಎಲ್ಲವೂ ಅವನ ಕಿಸೆಯಿಂದ. ಎಂಜಿನ್ನನ್ನು ಕೆಲವು ಪಂದ್ಯಗಳಿಗೊಮ್ಮೆ ಟ್ಯೂನರ್ ಬಳಿ ಬಿಚ್ಚಿಸಿ ಕಟ್ಟಿಸಬೇಕು. ಪಂದ್ಯದ ನಡುವೆ ಅದು ಸಿಡಿದರೆ ಆ ಸಂಜೆಯ ಸಂಪಾದನೆಗಿಂತ ನಷ್ಟವೇ ಹೆಚ್ಚು. ಬಿದ್ದು ಮೂಳೆ ಮುರಿದರೆ ಪಾಯಿಂಟಿಲ್ಲ, ಪಾಯಿಂಟಿಲ್ಲದಿದ್ದರೆ ದುಡ್ಡಿಲ್ಲ. ಬ್ರೆಕ್ಸಿಟ್ ನಂತರ ಯುರೋಪಿನ ರೈಡರ್‌ಗೆ ನಿಯಂತ್ರಣ ಸಂಸ್ಥೆಯ ಅನುಮೋದನೆ ಮತ್ತು ವೀಸಾ ಬೇಕು, ಅದೊಂದು ಹೆಚ್ಚುವರಿ ಖರ್ಚು. ದೊಡ್ಡ ರೈಡರ್‌ಗಳು ಹಲವು ದೇಶಗಳ ಲೀಗಿನಲ್ಲಿ ಓಡುತ್ತಾರೆ: ವಾರದಲ್ಲಿ ಶುಕ್ರವಾರ, ಭಾನುವಾರ ಪೋಲೆಂಡ್, ಮಂಗಳವಾರ ಸ್ವೀಡನ್, ಬುಧವಾರ ಡೆನ್ಮಾರ್ಕ್. ಪ್ರೀಮಿಯರ್‌ಶಿಪ್ ಸೋಮವಾರ, ಗುರುವಾರಕ್ಕೆ ಅಂಟಿಕೊಂಡದ್ದು ಈ ಸಂದಿಯಲ್ಲಿ ದೊಡ್ಡ ರೈಡರ್‌ಗಳು ಸಿಗಲಿ ಎಂದು. ಅದಕ್ಕೆ ತೆತ್ತ ಬೆಲೆಯೂ ಇದೆ: ಶಾಲೆಯಿರುವ ದಿನದ ರಾತ್ರಿ ಮಕ್ಕಳನ್ನು ಕರೆತರುವುದು ಕಷ್ಟ. ಇದು ನಿಮಗೇ ಗೊತ್ತು.

ಪೋಲೆಂಡ್ ದಾರಿ

ಪೋಲೆಂಡಿನ ಮೇಲಿನ ಲೀಗ್ ಎಕ್ಸ್‌ಟ್ರಾಲಿಗಾಕ್ಕೆ ದುಡ್ಡು ಬರುವುದು ಗೇಟಿನಿಂದ ಮಾತ್ರವಲ್ಲ. ಕೆನಾಲ್ ಪ್ಲಸ್ ಟಿವಿ ಹಕ್ಕು, ವಿದ್ಯುತ್ ಕಂಪನಿ ಪಿಜಿಇಯಂಥ ದೊಡ್ಡ ಪ್ರಾಯೋಜಕರು, ಎಲ್ಲಕ್ಕಿಂತ ಮೇಲಾಗಿ ನಗರಸಭೆಗಳ ಬೆಂಬಲ. ಟೊರುನ್ ನಗರದ ಮೋಟೊಅರೀನಾ 2009ರಲ್ಲಿ ಸ್ಪೀಡ್‌ವೇಗೆಂದೇ ಎದ್ದದ್ದು. ನಮ್ಮ ಯಕ್ಷಗಾನದಲ್ಲಿ ಟೆಂಟಿನ ಮೇಳಕ್ಕೂ ಹರಕೆ ಮೇಳಕ್ಕೂ ಇರುವ ವ್ಯತ್ಯಾಸ ಇದು: ಒಂದು ಅಂದಂದಿನ ಟಿಕೆಟ್ಟಿನ ಮೇಲೆ ನಿಂತದ್ದು, ಇನ್ನೊಂದಕ್ಕೆ ಆಡಿಸುವವರು ಮೊದಲೇ ಇದ್ದಾರೆ. ಬ್ರಿಟನ್ ಟೆಂಟಿನ ಮೇಳ. ಆಡಿಸುವವರನ್ನು ಹುಡುಕದೆ ಪೋಲೆಂಡಿನ ಸಂಬಳ ಕೊಡಹೊರಟರೆ ಮುಳುಗಡೆ ಖಚಿತ.

ಬ್ರಿಟನ್ನಿನಲ್ಲಿ ಹತ್ತಿರದ ಉದಾಹರಣೆ ಮ್ಯಾಂಚೆಸ್ಟರ್. ನಗರಸಭೆಯ ಮುತುವರ್ಜಿಯಿಂದ 2016ರಲ್ಲಿ ಬೆಲ್ ವ್ಯೂಗೆ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ ಸಿಕ್ಕಿತು. ಟ್ರ್ಯಾಕ್ ಹದಕ್ಕೆ ಬಾರದೆ ಮೊದಲ ಕೂಟವೇ ರದ್ದಾಯಿತು, ಕ್ಲಬ್ ನಡೆಸುತ್ತಿದ್ದ ಕಂಪನಿ ಅದೇ ವರ್ಷ ದಿವಾಳಿಯಾಯಿತು. ಆದರೂ ಬೆಲ್ ವ್ಯೂ ಇಂದಿಗೂ ಓಡುತ್ತಿದೆ. ನೆಲ ಗಟ್ಟಿಯಿದ್ದದ್ದರಿಂದ ಹೊಸ ಪ್ರೊಮೋಟರ್‌ಗಳು ಬಂದು ಹಿಡಿದರು. 2025ರಲ್ಲಿ ಸ್ಪೀಡ್‌ವೇ ವಿಶ್ವ ಚಾಂಪಿಯನ್‌ಶಿಪ್‌ನ ಬ್ರಿಟಿಷ್ ಗ್ರಾಂಪ್ರಿ ಕಾರ್ಡಿಫ್ ಬಿಟ್ಟು ಅಲ್ಲಿಗೇ ಬಂತು.

ಇದನ್ನು ಬೇರೆ ಊರುಗಳ ಪಕ್ಕ ಇಟ್ಟು ನೋಡಿ. ವುಲ್ವರ್‌ಹ್ಯಾಂಪ್ಟನ್ 2023ರಲ್ಲಿ ಮಾನ್ಮೋರ್ ಗ್ರೀನ್ ಬಿಟ್ಟಿತು. ಗ್ರೇಹೌಂಡ್ ಕ್ರೀಡಾಂಗಣದ ಒಡೆಯರು ಒಪ್ಪಂದ ಮುಂದುವರಿಸಲಿಲ್ಲ. ಅದೇ ವರ್ಷ ಪೀಟರ್‌ಬರೊ ಕೂಡ ಮುಚ್ಚಿತು, ಅದು ಓಡುತ್ತಿದ್ದ ಷೋಗ್ರೌಂಡಿನ ಜಾಗ ಅಭಿವೃದ್ಧಿಗೆ ಹೋಗುವುದೆಂದು. ಕವೆಂಟ್ರಿಯ ಬ್ರ್ಯಾಂಡನ್‌ನಲ್ಲಿ 2016ರ ನಂತರ ಓಟವಿಲ್ಲ. ಅಲ್ಲಿ ಮನೆ ಕಟ್ಟುವ ಯೋಜನೆಯನ್ನು 2022ರಲ್ಲಿ ರಗ್ಬಿ ಬರೋ ಕೌನ್ಸಿಲ್ ತಿರಸ್ಕರಿಸಿತು, ಮೇಲ್ಮನವಿಯೂ ವಜಾ ಆಯಿತು. ಅಭಿಮಾನಿಗಳಿಗೆ ಅದು ದೊಡ್ಡ ಗೆಲುವು, ಆದರೆ ಅನುಮತಿ ನಿರಾಕರಿಸಿದ ಮಾತ್ರಕ್ಕೆ ಒಡೆಯ ಬಾಗಿಲು ತೆರೆಯಬೇಕೆಂದಿಲ್ಲ. ಪಾಳುಬಿದ್ದ ಸ್ಟ್ಯಾಂಡಿಗೆ ಬೆಂಕಿಯೂ ಬಿತ್ತು. ಮುಚ್ಚಿದ ಟ್ರ್ಯಾಕಿಗೆ ಪ್ರತಿ ವರ್ಷವೂ ಶತ್ರು.

ಇರುವ ದಾರಿಗಳು, ಅವುಗಳ ಅಪಾಯ

ನನ್ನ ಲೆಕ್ಕದಲ್ಲಿ ಮೊದಲು ಆಗಬೇಕಾದದ್ದು ಲೀಸ್. ಓಡುತ್ತಿರುವಾಗಲೇ, ಒಡೆಯನ ಜೊತೆ ಸಂಬಂಧ ಚೆನ್ನಾಗಿರುವಾಗಲೇ, ದೀರ್ಘಾವಧಿ ಒಪ್ಪಂದ ಮತ್ತು ನಡುವೆ ಹೊರಹಾಕುವ ಷರತ್ತಿಗೆ ಕನಿಷ್ಠ ಎರಡು ಸೀಸನ್ ಮೊದಲೇ ನೋಟಿಸ್. ಇಂಗ್ಲೆಂಡಿನಲ್ಲಿ 2011ರ ಲೋಕಲಿಸಂ ಕಾಯ್ದೆಯಡಿ ಕ್ರೀಡಾಂಗಣವನ್ನು ಸಮುದಾಯದ ಆಸ್ತಿ ಎಂದು ಪಟ್ಟಿ ಮಾಡಿಸಬಹುದು. ಸ್ಥಳೀಯರು 21 ಮಂದಿ ಸೇರಿದ ಸಂಘ ಸಾಕು. ಪಟ್ಟಿ 5 ವರ್ಷ ನಿಲ್ಲುತ್ತದೆ. ಒಡೆಯ ಮಾರಲು ಹೊರಟರೆ 6 ವಾರದೊಳಗೆ ನಾವು ಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ಒಟ್ಟು 6 ತಿಂಗಳು ಮಾರಾಟ ನಿಲ್ಲುತ್ತದೆ. ಅಪಾಯ: ಅವನು ನಿಮಗೇ ಮಾರಬೇಕೆಂಬ ಕಟ್ಟುಪಾಡಿಲ್ಲ. ಆರು ತಿಂಗಳಲ್ಲಿ ದುಡ್ಡು ಕೂಡದಿದ್ದರೆ ಕಾದದ್ದಷ್ಟೇ ಬಂತು.

ಎರಡನೆಯದು ಸಂಬಳದ ಹಿಡಿತ. ಪ್ರೊಮೋಟರ್‌ಗಳೆಲ್ಲ ಕೂಡಿ ಪಾಯಿಂಟಿಗೆ ಒಂದೇ ದರ ಗೊತ್ತುಮಾಡುವುದು ಸರಳವಾಗಿ ಕಾಣುತ್ತದೆ. ಆದರೆ ಸ್ವಯಂ ಉದ್ಯೋಗಿಗಳ ದರವನ್ನು ಕೊಡುವವರೆಲ್ಲ ಸೇರಿ ಕಟ್ಟುವುದು 1998ರ ಸ್ಪರ್ಧಾ ಕಾಯ್ದೆಗೆ ತಗುಲಬಹುದು. ಜೊತೆಗೆ ಪ್ರಾಯೋಜಕರ ಹೆಸರಿನಲ್ಲಿ ಹಿಂಬಾಗಿಲಿನಿಂದ ಕೊಡುವವರು ಹುಟ್ಟುತ್ತಾರೆ. ಫುಟ್‌ಬಾಲಿನ ಕೆಳ ಡಿವಿಷನ್‌ಗಳಲ್ಲಿರುವಂತೆ ಕ್ಲಬ್ಬಿನ ಆದಾಯದ ಇಂತಿಷ್ಟು ಭಾಗಕ್ಕಿಂತ ಹೆಚ್ಚು ಸಂಬಳಕ್ಕೆ ಹೋಗಬಾರದು ಎಂಬ ಮಿತಿ ಮೇಲು. ಅದಕ್ಕೆ ಲೀಗ್ ಪ್ರತಿ ತಿಂಗಳು ಲೆಕ್ಕ ನೋಡಬೇಕು. ಸೀಸನ್ ಮುಗಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಮೂರನೆಯದು ಗೇಟ್ ಹಂಚಿಕೆ. ತವರಿನ ಗೇಟಿನ ಹತ್ತರಲ್ಲೊಂದು ಭಾಗ ಬಂದ ತಂಡಕ್ಕೆ ಹೋದರೂ ಪರಊರಿನ ರಾತ್ರಿ ಸೊನ್ನೆ ಆದಾಯದ್ದಾಗಿ ಉಳಿಯುವುದಿಲ್ಲ. ದೊಡ್ಡ ಗೇಟಿನ ಕ್ಲಬ್‌ಗಳು ವಿರೋಧಿಸುತ್ತವೆ. ಎಲ್ಲರಿಗೂ ಒಂದೇ ಟಿಕೆಟ್ ವ್ಯವಸ್ಥೆ ಇಲ್ಲದಿದ್ದರೆ ಬಂದ ಜನರ ಲೆಕ್ಕದಲ್ಲೇ ಜಗಳ. ಆದರೂ ನೆಲದ ಪ್ರಶ್ನೆ ಬಿಟ್ಟರೆ ಇದಕ್ಕಿಂತ ಮೂಲಕ್ಕೆ ತಟ್ಟುವ ಸುಧಾರಣೆ ನನಗೆ ಕಾಣುವುದಿಲ್ಲ. ಇವು ಮೂರೂ ಆದ ಮೇಲೆ ಉತ್ತರ, ದಕ್ಷಿಣ ಎಂದು ವಿಭಾಗ ಮಾಡಿದ ಒಂದೇ ಲೀಗ್ ಬಂದರೆ ಅದು ನಿಲ್ಲಬಹುದು.

ನಿಮ್ಮ 500 ಪೌಂಡ್

ನಿಧಿ ಯಾವ ರೂಪದ್ದು ಎಂದು ಮೊದಲು ಕೇಳಿ. ಬರೀ ದೇಣಿಗೆಯಾದರೆ ವಾಪಸಿನ ಮಾತಿಲ್ಲ. 2014ರ ಸಹಕಾರ ಮತ್ತು ಸಮುದಾಯ ಹಿತ ಸಂಘಗಳ ಕಾಯ್ದೆಯಡಿ ನೋಂದಾಯಿತ ಸಂಘದ ಷೇರಾದರೆ ಎಷ್ಟು ಹಾಕಿದರೂ ಸದಸ್ಯನಿಗೆ ಒಂದೇ ಮತ, ಹೊಣೆ ಹಾಕಿದ ದುಡ್ಡಿಗೆ ಸೀಮಿತ. ಷೇರಿನ ಬೆಲೆ ಏರುವುದಿಲ್ಲ, ಇಳಿಯಬಹುದು. ಹಿಂಪಡೆಯಲು ಆಡಳಿತ ಮಂಡಳಿ ಒಪ್ಪಬೇಕು. ಬ್ಯಾಂಕ್ ಠೇವಣಿಗಿರುವ ಪರಿಹಾರ ಯೋಜನೆಯ ರಕ್ಷಣೆ ಇದಕ್ಕಿಲ್ಲ. ಸಂಘ ನಿಜವಾಗಿ ನೋಂದಣಿಯಾಗಿದೆಯೇ ಎಂದು ಹಣಕಾಸು ನಿಯಂತ್ರಣ ಸಂಸ್ಥೆ ಎಫ್‌ಸಿಎ ನಡೆಸುವ ಸಾರ್ವಜನಿಕ ಪಟ್ಟಿಯಲ್ಲಿ ನೋಡಿ. ಕ್ಲಬ್ ನಡೆಸುವ ಕಂಪನಿಯ ಲೆಕ್ಕಪತ್ರ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಸಣ್ಣ ಕಂಪನಿಯಾದ್ದರಿಂದ ಲಾಭನಷ್ಟ ಕಾಣದಿರಬಹುದು. ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ ಕೈಯಲ್ಲಿರುವ ಆಸ್ತಿಗಿಂತ ಎಷ್ಟು ಹೆಚ್ಚು, ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯೇ ಎಂಬುದು ಕಾಣುತ್ತದೆ.

ಆಮೇಲೆ ನಿಧಿಯವರಿಗೆ ಎರಡೇ ಪ್ರಶ್ನೆ: ನೆಲದ ಲೀಸ್ ಇನ್ನೆಷ್ಟು ವರ್ಷ ಇದೆ? ನನ್ನ ದುಡ್ಡು ಯಾವುದಕ್ಕೆ? ರಕ್ಷಣಾ ಬೇಲಿ, ಟ್ರ್ಯಾಕ್ ಹೊದಿಕೆ, ಹುಡುಗರ ತರಬೇತಿ ಎಂದರೆ, ಮತ್ತು ಆ ವಸ್ತುಗಳ ಒಡೆತನ ಸಂಘದ್ದೇ ಎಂದರೆ, ಹಾಕಿ; ಪ್ರೊಮೋಟರ್ ಹೋದರೂ ಬೇಲಿ ಉಳಿಯುತ್ತದೆ. ಈ ಸಾಲಿನ ಸಂಬಳದ ಕೊರತೆ ತುಂಬಲು ಎಂದರೆ, ಅಥವಾ ಲೀಸ್ ಒಂದು ವರ್ಷದ್ದಾದರೆ, ಹಾಕಬೇಡಿ.

ಸೀಸನ್ ಟಿಕೆಟ್ ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳಿ. ಒಂದು ಟಿಕೆಟ್ಟಿನ ಬೆಲೆ 100 ಪೌಂಡ್ ದಾಟಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕ್ಲಬ್ ಮುಚ್ಚಿದರೂ ಕಾರ್ಡ್ ಕಂಪನಿ ಹೊಣೆ. ಬೆಲೆಯ ಒಂದು ಭಾಗವನ್ನಷ್ಟೇ ಕಾರ್ಡಿನಲ್ಲಿ ಕೊಟ್ಟಿದ್ದರೂ ಇದು ಅನ್ವಯಿಸುತ್ತದೆ. ಮಗಳ ಟಿಕೆಟ್ 100ಕ್ಕಿಂತ ಕಡಿಮೆಯಿದ್ದು ಬೇರೆಯಾಗಿ ಕೊಂಡರೆ ಅದಕ್ಕೆ ಈ ರಕ್ಷಣೆ ಸಿಗದು, ಆದ್ದರಿಂದ ಕುಟುಂಬದ ಟಿಕೆಟ್ ಎಂದು ಒಂದೇ ಆಗಿ ಮಾರುತ್ತಾರೆಯೇ ಕೇಳಿ. ದುಡ್ಡು ನೇರ ಕ್ಲಬ್ಬಿನ ಕಂಪನಿಗೆ ಹೋಗಲಿ. ನಡುವೆ ಬೇರೆ ಪಾವತಿ ಸಂಸ್ಥೆ ಬಂದರೆ ಹಕ್ಕು ಕಡಿದುಹೋಗಬಹುದು. ಡೆಬಿಟ್ ಕಾರ್ಡಿನಲ್ಲಿ ಕೊಂಡಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಹಣ ವಾಪಸು, ಕೇಳಬಹುದು, ಆದರೆ ಅದು ಕಾರ್ಡ್ ಸಂಸ್ಥೆಗಳ ನಿಯಮ, ಕಾನೂನಿನ ಹಕ್ಕಲ್ಲ. ಅದಕ್ಕೆ ಗಡುವು ಇರುತ್ತದೆ, ತಡಮಾಡದೆ ಬ್ಯಾಂಕಿಗೆ ಬರೆಯಬೇಕು.